ಮೂರನೇ ದಿನದ ಫೋನ್: ಲಾಂಗ್ ಕೋವಿಡ್ ಸುಸ್ತಿಗೆ ವ್ಯಾಯಾಮ ಕಡಿಮೆ ಮಾಡಿಸಿದ ನನ್ನ ಅನುಭವ

ಕೋವಿಡ್ ಬಂದು ಹೋಗಿ ಆರು ತಿಂಗಳಾದರೂ ಚೇತರಿಸಿಕೊಳ್ಳದವರಿಗೆ ವ್ಯಾಯಾಮ ಕಡಿಮೆ ಮಾಡಿಸುತ್ತೇನೆ ಎಂದಾಗ ನಮ್ಮ ಫಿಸಿಯೋ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಮಲಗಿಸಿದರೆ ಇದ್ದ ಸ್ನಾಯುವೂ ಕರಗುತ್ತದೆ ಎಂಬುದೇ ಎಲ್ಲರ ಮಾತು. ಈಗ ಅವರೇ ಇಂಥ ಕೇಸು ಬಂದರೆ ನನ್ನ ಕಡೆ ಕಳಿಸುತ್ತಾರೆ. ಆರು ನಿಮಿಷದ ನಡಿಗೆ ಪರೀಕ್ಷೆ, ಬೋರ್ಗ್ ಅಂಕ (ಎಷ್ಟು ದಣಿವಾಯಿತು ಎಂದು ರೋಗಿಯೇ ಕೊಡುವ ಅಂಕ), ಹೊಟ್ಟೆಯುಸಿರು ಎಲ್ಲ ಫಿಸಿಯೋಗಳಾದ ನಿಮಗೆ ಗೊತ್ತಿರುವುದೇ, ಅದನ್ನು ಮತ್ತೆ ಬರೆಯುವುದಿಲ್ಲ.

ಮೊದಲು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. 2021ರ ಎರಡನೇ ಅಲೆಯ ನಂತರ ಬಂದವರಿಗೆಲ್ಲ ಶ್ವಾಸಕೋಶದ ಕಾಯಿಲೆಯವರಿಗೆ ಕೊಡುವ ಕ್ರಮವನ್ನೇ ಕೊಟ್ಟೆ: ಸೈಕಲ್, ಮೆಟ್ಟಿಲು, ವಾರವಾರ ಸ್ವಲ್ಪ ಏರಿಕೆ. ಐಸಿಯುನಿಂದ ಬಂದು ಕೈಕಾಲು ಸೊರಗಿದ್ದವರು ಅದರಲ್ಲೇ ಚೆನ್ನಾಗಿ ಎದ್ದು ನಿಂತರು. ಅದೇ ನನ್ನನ್ನು ದಾರಿ ತಪ್ಪಿಸಿತು. ಆಸ್ಪತ್ರೆ ಮೆಟ್ಟಿಲೇ ಹತ್ತದೆ ಮನೆಯಲ್ಲಿ ನಾಲ್ಕು ದಿನ ಜ್ವರ ಕಂಡವರು ಸೋಮವಾರ ಸಲೀಸಾಗಿ ಸೈಕಲ್ ತುಳಿದು ಬುಧವಾರ ಹಾಸಿಗೆ ಹಿಡಿಯುತ್ತಿದ್ದರು. ಸೆಷನ್ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದೇ ನಾನೂ ತಿಳಿದಿದ್ದೆ. ಶ್ರಮದ ಪೆಟ್ಟು 12ರಿಂದ 72 ಗಂಟೆ ತಡವಾಗಿ ಬೀಳುತ್ತದೆ, ಆದ್ದರಿಂದ ಅದು ನಮ್ಮ ಕ್ಲಿನಿಕ್ಕಿನಲ್ಲಿ ಕಾಣುವುದೇ ಇಲ್ಲ. ಆ ಹೊತ್ತಿನಲ್ಲಿ ಹದಿನೆಂಟು ಸಾವಿರದಷ್ಟು ಕೊಟ್ಟು ತಂದ ಒರಗಿ ತುಳಿಯುವ ಸೈಕಲ್ ಇವರ ಮಟ್ಟಿಗೆ ದಂಡವಾಯಿತು.

ಈಗ ಮೊದಲ ಭೇಟಿಯಲ್ಲಿ ವ್ಯಾಯಾಮವೇ ಇಲ್ಲ. ಒಂದೇ ಪ್ರಶ್ನೆ: ಮೈ ದಣಿಸಿದ ಕೆಲಸದ ಮೂರನೇ ದಿನ ಹೇಗಿರುತ್ತೀರಿ? ಗಂಟಲು ಕೆರೆತ, ಮೈನೋವು, ತಲೆಗೆ ಮಂಕು, ನಿದ್ದೆ ಮಾಡಿದರೂ ಹೋಗದ ಸುಸ್ತು ಎಂದರೆ ಅವರು ಬೇರೆ ಸಾಲು, ವ್ಯಾಯಾಮ ಕಡಿಮೆ ಮಾಡಿಸುವುದು ಅವರಿಗೇ. ಇಲ್ಲ ಎಂದರೆ ಹಳೆಯ ಕ್ರಮವೇ ಸಾಕು: ಬೋರ್ಗ್ ಹತ್ತರಲ್ಲಿ 3–4, ವಾರಕ್ಕೆ ಎರಡು ದಿನ ಬಲದ ವ್ಯಾಯಾಮ. ಯಾವ ಸಾಲಿನವರೇ ಆಗಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡದೆ ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಬೇಡಿ. ಒಂದು ನಿಮಿಷ ಕೂತು ಏಳುವ ಪರೀಕ್ಷೆಯಲ್ಲಿ ಆಮ್ಲಜನಕ 3 ಅಂಕ ಇಳಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಕಳಿಸುತ್ತೇನೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳಬಹುದು, ಬಣ್ಣ ಅಳಿಸಿ, ಕೈ ಉಜ್ಜಿಸಿ ಮತ್ತೆ ನೋಡಿ. ಸ್ಟೀರಾಯ್ಡ್ ತೆಗೆದುಕೊಂಡವರು ತೊಡೆಸಂದಿ ನೋವು ಎಂದರೆ ಬಸ್ಕಿ ಮಾಡಿಸಲೇಬೇಡಿ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಮೂಳೆ ಸಾಯುತ್ತಿರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗಬಹುದು, ಎಂಆರ್‌ಐ ಬೇಕು.

ಆ ಪ್ರಶ್ನೆಯಾದ ಮೇಲೆ ಎರಡನೇ ಪರೀಕ್ಷೆ ಗೋಡೆಗೊರಗಿ ನಿಲ್ಲಿಸಿ ನೋಡುವುದು. ಬೆಳಿಗ್ಗೆ, ಕಾಫಿ ಕುಡಿಯುವ ಮುಂಚೆ. ಹತ್ತು ನಿಮಿಷ ಮಲಗಿಸಿ ಪಲ್ಸ್, ಬಿಪಿ ಬರೆದುಕೊಳ್ಳಿ. ಆಮೇಲೆ ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿಟ್ಟು, ಭುಜ ಮಾತ್ರ ಗೋಡೆಗೆ ತಾಗಿಸಿ ಹತ್ತು ನಿಮಿಷ ನಿಲ್ಲಿಸಿ, ನಿಮಿಷಕ್ಕೊಮ್ಮೆ ಅಳೆಯಿರಿ. ಕಾಲು ಅಲ್ಲಾಡಿಸಿದರೆ ಲೆಕ್ಕ ಕೆಡುತ್ತದೆ. ಬಿಪಿ ಇಳಿಯದೆ ಪಲ್ಸ್ 30ಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ ತೊಂದರೆ ನಿಲ್ಲುವುದರಲ್ಲೇ ಇದೆ, ನಡೆಸಿ ಪ್ರಯೋಜನವಿಲ್ಲ. ತಲೆ ಸುತ್ತಿದರೆ ಕೂಡಲೇ ಮಲಗಿಸಿ, ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು.

ಇಂಥವರಿಗೆ ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು, ಉಪ್ಪು ಮುಂದಾಗಿ ಹಾಕಿದ ಮಜ್ಜಿಗೆ, ಹೊಟ್ಟೆ ಬಿಗಿಯುವ ಸೊಂಟಪಟ್ಟಿ. ಉಪ್ಪು ಹೆಚ್ಚಿಸುವುದು ವೈದ್ಯರನ್ನು ಕೇಳಿಯೇ, ಬಿಪಿ ಇದ್ದವರಿಗೆ ಮತ್ತು ಕಿಡ್ನಿ ತೊಂದರೆಯವರಿಗೆ ಬೇಡವೇ ಬೇಡ. ಬಿಗಿ ಕಾಲುಚೀಲ ಎರಡು ಸಾವಿರದ ಆಸುಪಾಸು, ಸೊಂಟಪಟ್ಟಿ ಐನೂರಕ್ಕೆ ಸಿಗುತ್ತದೆ. ದುಡ್ಡಿಗೆ ತಾಪತ್ರಯವಿದ್ದರೆ ಪಟ್ಟಿ ಮೊದಲು, ನಮ್ಮ ಸೆಖೆಯಲ್ಲಿ ಕಾಲುಚೀಲ ಹದಿನೈದು ದಿನದಲ್ಲಿ ಮೂಲೆ ಸೇರುತ್ತದೆ. ಐನೂರು ರೂಪಾಯಿಗೂ ಕಡಿಮೆಗೆ ಸಿಗುವ ಪ್ಲಾಸ್ಟಿಕ್ ಸ್ಟೂಲ್ ಎರಡು: ಒಂದು ಬಚ್ಚಲಿಗೆ, ಒಂದು ಒಲೆಯ ಮುಂದೆ. ಬಿಸಿನೀರಿನ ಸ್ನಾನ ಇವರಿಗೆ ದೊಡ್ಡ ವ್ಯಾಯಾಮ. ಸ್ನಾನ ಮಾಡಿದ ದಿನ ನಡಿಗೆ ಬೇಡ ಎಂದು ಬರೆದೇ ಕೊಡುತ್ತೇನೆ.

ಮುಂದಿನ ಅಳತೆ ಪಲ್ಸಿನದು. ಏಳು ದಿನ ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿ ಸರಾಸರಿ ತೆಗೆದು, ಅದಕ್ಕೆ 15 ಕೂಡಿಸಿದ್ದು ಕೆಲಸ ಮಾಡುವಾಗ ಪಲ್ಸ್ ದಾಟಬಾರದ ಗಡಿ. 78 ಇದ್ದರೆ 93. ನಿಂತರೇ 110 ಆಗುವವರಿಗೆ ಈ ಗಡಿ ಕೆಲಸಕ್ಕೆ ಬಾರದು, ಮೊದಲು ನಿಲ್ಲುವುದು ಸರಿಯಾಗಬೇಕು. ಪಲ್ಸ್ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲೂ ಲೆಕ್ಕ ಹಿಡಿಯದು. ಮಣಿಕಟ್ಟಿನ ಅಗ್ಗದ ವಾಚುಗಳು ಪಾತ್ರೆ ತೊಳೆಯುವಾಗ ಏನೇನೋ ತೋರಿಸುತ್ತವೆ. ಎದೆಗೆ ಕಟ್ಟುವ ಪಟ್ಟಿ ಒಂದನ್ನು ಕೊಂಡು ಸರದಿಯಂತೆ ಹತ್ತು ಹತ್ತು ದಿನ ಮನೆಗೆ ಕೊಡುತ್ತೇನೆ. ನಾಲ್ಕೈದು ಸಾವಿರದ ಅದೊಂದೇ ಪೂರ್ತಿ ದುಡಿದ ವಸ್ತು.

ಕೆಲಸ ಹಂಚುವುದು ಹೀಗೆ: ಕಳೆದ ಎರಡು ವಾರದಲ್ಲಿ ಕೆಟ್ಟ ದಿನವೂ ಮಾಡಲಾದ ಕೆಲಸ ಎಷ್ಟು ನಿಮಿಷ ಎಂದು ಕೇಳಿ, ಅದರಲ್ಲಿ ಕಾಲು ಭಾಗ ಕಳೆಯಿರಿ. ಒಳ್ಳೆಯ ದಿನದ ಲೆಕ್ಕ ಹಿಡಿದರೆ ಕೆಟ್ಟಿರಿ. ಹಾಗೆ ಕಳೆದು ರೊಟ್ಟಿ ತಟ್ಟಲು ಇಪ್ಪತ್ತು ನಿಮಿಷ ಉಳಿದರೆ ಐದೈದು ನಿಮಿಷ ನಾಲ್ಕು ಸಲ ತಟ್ಟಲಿ, ನಡುವೆ ಹತ್ತು ನಿಮಿಷ ಮಲಗಲಿ. ಕಣ್ಣು ಮುಚ್ಚಿರಬೇಕು, ಮೊಬೈಲ್ ಇನ್ನೊಂದು ಕೋಣೆಯಲ್ಲಿರಬೇಕು, ಸುಸ್ತಾಗುವ ಮೊದಲೇ ಮಲಗಬೇಕು. ಮಕ್ಕಳ ಲೆಕ್ಕ ಹೇಳಿಕೊಡುವುದು, ಫೋನಿನಲ್ಲಿ ಅರ್ಧ ಗಂಟೆ ಮಾತು, ಇವೂ ಶಕ್ತಿಯ ಖರ್ಚಿನ ಬಾಬತ್ತೇ. ಬಲದ ವ್ಯಾಯಾಮ ಮಲಗಿಯೇ: ಪಾದ ಮಡಿಸುವುದು, ಸೊಂಟ ಎತ್ತುವುದು, 30 ಸೆಕೆಂಡ್ ಮೀರದಂತೆ, ಆಮೇಲೆ ಒಂದು ನಿಮಿಷ ಬಿಡುವು. ಎರಡು ವಾರ ಪೆಟ್ಟು ಬೀಳದಿದ್ದರೆ ಒಂದೇ ಒಂದು ಕೆಲಸವನ್ನು ಹತ್ತನೇ ಒಂದು ಭಾಗ ಏರಿಸುತ್ತೇನೆ. ಬಿದ್ದರೆ ಹಿಂದಿನ ಮೆಟ್ಟಿಲಿಗಲ್ಲ, ಅದರ ಹಿಂದಿನದಕ್ಕೆ. ಕೂತು ಮಾಡುವುದರಿಂದ ನಿಂತು ಮಾಡುವುದಕ್ಕೆ ದಾಟಿಸುವ ವಾರದಲ್ಲಿ ನಾನು ಸೇರಿಸುವ ಎರಡು ಅಭ್ಯಾಸಗಳಿವೆ, ಅವನ್ನು ಬಂದು ನೋಡಿದವರಿಗೆ ಮಾತ್ರ ಹೇಳಿಕೊಡುತ್ತೇನೆ.

ಪೆಟ್ಟು ತಡವಾಗಿ ಬೀಳುವುದರಿಂದ ಮೂರನೇ ದಿನ ನಾನೇ ಫೋನ್ ಮಾಡಿ ಕೇಳುತ್ತೇನೆ. ಈ ವಿಧಾನದ ಜೀವ ಇದರಲ್ಲೇ ಇದೆ. ದುಡ್ಡಿನ ವಿಚಾರ ಮುಚ್ಚಿಡುವುದಿಲ್ಲ: ಹತ್ತು ಸೆಷನ್ನಿನ ಪ್ಯಾಕೇಜು ಇಲ್ಲಿ ನಡೆಯದು. ಕ್ಲಿನಿಕ್ಕಿಗೆ ಬಂದು ಹೋಗುವ ಬಸ್ ಪ್ರಯಾಣವೇ ಅವರನ್ನು ಮಲಗಿಸುತ್ತದೆ. ತಿಂಗಳಿಗೆ ಎರಡು ಭೇಟಿ, ಎಂಟು ಫೋನ್, ಎಲ್ಲ ಸೇರಿ ಸಾವಿರದ ಇನ್ನೂರು. ಮೊದಲ ವರ್ಷ ಆದಾಯ ಅರ್ಧಕ್ಕಿಳಿಯಿತು. ಈಗ ಬಾಯಿಂದ ಬಾಯಿಗೆ ಹರಡಿ ಕೇಸು ಬರುತ್ತಿವೆ.

ಇನ್ನೂ ಅನುಮಾನ ಇರುವವರಿಗೆ ಎರಡು ಮಾತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ, ಇದೇ ಬಗೆಯ ಸುಸ್ತಿನ ಎಂಇ ಕಾಯಿಲೆಗೆ ಹೆಚ್ಚಿಸುತ್ತಾ ಹೋಗುವ ವ್ಯಾಯಾಮ ಕೊಡಬೇಡಿ ಎಂದಿತು. 2024ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಲಾಂಗ್ ಕೋವಿಡ್‌ನ 25 ಜನರನ್ನು ದಣಿಯುವಷ್ಟು ಸೈಕಲ್ ತುಳಿಸಿ, ಮೊದಲು ಮತ್ತು ಮರುದಿನ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದ್ದನ್ನು ಪ್ರಕಟಿಸಿದರು: ಹಾನಿ ಹೆಚ್ಚಾಗಿತ್ತು.

ನಡುವೆ ಕೋವಿಡ್‌ನಿಂದ ವಾಸನೆ ತಿಳಿಯದಾದವರ ಮೇಲೂ ಒಂದು ಪ್ರಯೋಗ ಮಾಡಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ದಿನಕ್ಕೆರಡು ಸಲ, ಒಂದೊಂದನ್ನೂ 15–20 ಸೆಕೆಂಡ್ ಮೂಸುವುದು, ಕನಿಷ್ಠ ಮೂರು ತಿಂಗಳು. ಅಂಗಡಿಯ ಕಿಟ್ ದುಬಾರಿ ಎಂದು ಜಾಮೂನಿಗೆ ಹಾಕುವ ಗುಲಾಬಿ ನೀರು ಕೊಟ್ಟು ನೋಡಿದೆ, ವಾಸನೆ ಸಾಲದು. ಅತ್ತರು ಹತ್ತಿಗೆ ಎರಡು ಹನಿ ಹಾಕಿ ಮುಚ್ಚಳದ ಶೀಶೆಯಲ್ಲಿಟ್ಟರೆ ಸರಿಹೋಯಿತು. ಲವಂಗ ಜಜ್ಜಿಯೇ ಇಡಬೇಕು, ವಾರಕ್ಕೊಮ್ಮೆ ಬದಲಿಸಬೇಕು. ಇಂಗು ಸೇರಿಸಿದ್ದು ತಪ್ಪಾಯಿತು: ವಾಸನೆ ತಿರುಚಿ ಬರುತ್ತಿದ್ದವರಿಗೆ ಓಕರಿಕೆ ಬಂದು ಉಳಿದ ನಾಲ್ಕನ್ನೂ ಬಿಟ್ಟರು.

ಹೆಂಗಸರಲ್ಲಿ ಮುಟ್ಟಿನ ಮೊದಲ ನಾಲ್ಕೈದು ದಿನ ಮಾಡಲಾಗುವ ಕೆಲಸದ ಮಿತಿ ತಾನಾಗಿಯೇ ಇಳಿಯುವುದನ್ನು ಡೈರಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಆ ವಾರ ಏರಿಕೆ ಇಟ್ಟುಕೊಳ್ಳಬೇಡಿ, ಇದ್ದುದರಲ್ಲೇ ಕಾಲು ಭಾಗ ಕಳೆಯಿರಿ, ಫೋನನ್ನು ಮಾತ್ರ ತಪ್ಪಿಸಬೇಡಿ.