ನನ್ನ ಜೀರಾ ಸೋಡಾ ಮತ್ತು ಐಸ್ ಪೆಟ್ಟಿಗೆ

ಪುತ್ತೂರಿನ ಬಿಂದು ಜೀರಾ ಮಸಾಲ 2002ರಲ್ಲಿ ಬಂತು. ಅದನ್ನು ಶುರುಮಾಡಿದ ಸತ್ಯಶಂಕರ್ ಒಂದು ಕಾಲಕ್ಕೆ ಆಟೋ ಓಡಿಸುತ್ತಿದ್ದವರು. ಅದು ಗೂಡಂಗಡಿಗಳಿಗೂ ತಲುಪಿದ್ದು ನೋಡಿ ನನಗೂ ಆಸೆಯಾಯಿತು. ಅಮ್ಮ ಮಾಡುವ ಜೀರಿಗೆ ಕಷಾಯಕ್ಕೆ ಸಕ್ಕರೆ, ಕಪ್ಪುಪ್ಪು ಹಾಕಿ ಗ್ಯಾಸ್ ತುಂಬಿದರೆ ಆಯ್ತಲ್ವಾ ಅಂದುಕೊಂಡೆ.

ಮೊದಲ ಲೋಡ್ ಇಳಿಸಿದ ಮರುದಿನವೇ ಅಂಗಡಿಯವರೊಬ್ಬರ ಫೋನ್. "ಎಂತ ಮಾರಾಯ್ರೆ, ಇದು ಕುಡೀಲಿಕ್ಕಾ, ಸ್ನಾನ ಮಾಡ್ಲಿಕ್ಕಾ?" ಮುಚ್ಚಳ ತಿರುಗಿಸಿದರೆ ಅರ್ಧ ಬಾಟಲಿ ನೊರೆಯಾಗಿ ಅಂಗಿಯ ಮೇಲೆ. ತಪ್ಪು ನನ್ನದೇ. ಜೀರಿಗೆಯ ಸಣ್ಣ ಪುಡಿ ಸೋಡಾದಲ್ಲಿ ಉಳಿದಿತ್ತು. ಪುಡಿಯ ಒಂದೊಂದು ಕಣದ ಮೇಲೂ ಗುಳ್ಳೆ ಏಳುತ್ತದೆ. ಮುಚ್ಚಳ ತೆಗೆದದ್ದೇ ತಡ, ಎಲ್ಲ ಗುಳ್ಳೆಯೂ ಒಟ್ಟಿಗೆ ಮೇಲೆ ಬರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಸಾಲಲಿಲ್ಲ. ಕಷಾಯ ತಿಳಿಯಾಗುವವರೆಗೆ ಫಿಲ್ಟರ್‌ನಲ್ಲಿ ಇಳಿಸಬೇಕಾಯಿತು.

ಆಮೇಲೆ ನೊರೆ ನಿಂತಿತು. ಆದರೆ ಸೋಡಾ ಸಪ್ಪೆ! ನೀರು ತಣ್ಣಗೆ ಮಾಡುವ ಚಿಲ್ಲರ್‌ಗೆ ಯಾಕೆ ಸುಮ್ನೆ ದುಡ್ಡು ಅಂತ ಟ್ಯಾಂಕಿಯ ನೀರಿಗೇ ಗ್ಯಾಸ್ ಬಿಟ್ಟಿದ್ದೆ. 25 ಡಿಗ್ರಿಯ ನೀರಿಗಿಂತ 4 ಡಿಗ್ರಿಯ ನೀರು ಅದೇ ಒತ್ತಡದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಗ್ಯಾಸ್ ಹಿಡಿಯುತ್ತದೆ. ನಮ್ಮ ಕರಾವಳಿಯ ಸೆಕೆಗೆ ಟ್ಯಾಂಕಿಯ ನೀರು 25 ಡಿಗ್ರಿಗೆ ಎಲ್ಲಿ ನಿಲ್ಲುತ್ತದೆ? ಸಾಲ ಮಾಡಿ ಚಿಲ್ಲರ್ ತಂದೆ.

ಲೈಸೆನ್ಸ್, ಲೇಬಲ್ ಓಡಾಟ ಎಲ್ಲರಿಗೂ ಇದ್ದದ್ದೇ, ಬಿಡಿ. ನಿಜವಾಗಿ ಸುಸ್ತು ಮಾಡಿದ್ದು ಫ್ರಿಜ್. ಅಂಗಡಿಯ ಫ್ರಿಜ್ ದೊಡ್ಡ ಕಂಪನಿಯವರು ಕೊಟ್ಟದ್ದು, ಅದರಲ್ಲಿ ಅವರ ಬಾಟಲಿ ಮಾತ್ರ. ನನ್ನದು ಹೊರಗೆ, ಬಾಳೆಗೊನೆಯ ಕೆಳಗೆ. ಬಿಸಿ ಸೋಡಾ ಯಾರಿಗೆ ಬೇಕು?

ಏಪ್ರಿಲ್‌ನಲ್ಲಿ ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆ ಬಂತು. ಮೀನಿನವರ ಹತ್ತಿರ ಎರಡು ಥರ್ಮಕೋಲ್ ಪೆಟ್ಟಿಗೆ ಕೇಳಿ ತಂದೆ. ವಾಸನೆ ಹೋಗಲು ಮೂರು ದಿನ ಉಜ್ಜಿದೆವು. ಐಸ್ ತುಂಬಿ ಗದ್ದೆಯ ಬದಿಯಲ್ಲಿ ಕೂತೆವು. 17ರ ರಾತ್ರಿ, ಬ್ರಹ್ಮರಥ ಎಳೆಯುವ ಹೊತ್ತಿಗೆ ತಳದಲ್ಲಿ ನೀರು ಮಾತ್ರ ಉಳಿದಿತ್ತು.

ಎರಡು ದಿನ ಬಿಟ್ಟು ಅದೇ ಅಂಗಡಿಯವರ ಫೋನ್. "ನಾಲ್ಕು ಕೇಸ್ ಇಳಿಸಿ ಮಾರಾಯ್ರೆ. ಫ್ರಿಜ್‌ನಲ್ಲಿ ಜಾಗ ಇಲ್ಲ, ಆ ಐಸ್ ಪೆಟ್ಟಿಗೆಯನ್ನೂ ಇಲ್ಲೇ ಬಿಡಿ."