ಬೀರುವಿನಲ್ಲಿ ಟೈಮಿಂಗ್ ಬೆಲ್ಟು

ನಮ್ಮ ಮನೆ ಬೀರುವಿನ ಕೆಳಗಿನ ಅರೆಯಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಪಕ್ಕದಲ್ಲಿ, ಒಂದು ಟೈಮಿಂಗ್ ಬೆಲ್ಟು (ಇಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ಆಡಿಸುವ ಹಲ್ಲಿನ ರಬ್ಬರ್ ಪಟ್ಟಿ), ಒಂದು ಆಲ್ಟರ್ನೇಟರ್ ಬೆಲ್ಟು, ಒಂದು ವಾಟರ್ ಪಂಪು, ಎರಡು ಆಯಿಲ್ ಫಿಲ್ಟರು, ಒಂದು ಸೆಟ್ ಬ್ರೇಕ್ ಪ್ಯಾಡು ಇವೆ. "ಸೀರೆಗೇನಾದ್ರೂ ಗ್ರೀಸ್ ಹತ್ತಿದ್ರೆ ನಿಮ್ಮ ಕಾರನ್ನೇ ಉಟ್ಕೊಂಡು ಮದುವೆಗೆ ಬರ್ತೀನಿ" ಅಂತ ಅವಳು ಹೇಳಿ ಮೂರು ವರ್ಷವಾಯಿತು. ಕಾರು ಫಿಯೆಟ್ ಅಬಾರ್ತ್ ಪುಂಟೊ. ಚಿಕ್ಕಬಳ್ಳಾಪುರದಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟುಕೊಂಡವನಿಗೆ ಎಟುಕುವ ಇಟಲಿ ಸ್ಪೋರ್ಟ್ಸ್ ಕಾರು ಅದೊಂದೇ, ಅದೂ ಸೆಕೆಂಡ್ ಹ್ಯಾಂಡ್.

ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಹೆದ್ದಾರಿ 44ರಲ್ಲಿ ಫೆರಾರಿ, ಲ್ಯಾಂಬೋರ್ಗಿನಿಗಳು ನಮ್ಮ ಕಡೆಗೆ ಹಾರಿ ಬರುತ್ತವೆ. ಹುಡುಗರು ಮೊಬೈಲ್ ಹಿಡಿದು ರಸ್ತೆ ಬದಿ ಕಾಯುತ್ತಾರೆ. ನಾನೂ ಕಾದು ನಿಂತವನೇ. ಅಪ್ಪನಿಗೆ ಇವೆಲ್ಲ ದುಡ್ಡಿನ ಕೊಬ್ಬು. ಆದರೆ ಲ್ಯಾಂಬೋರ್ಗಿನಿ ಅನ್ನೋನು ಕಾರಿಗೆ ಕೈಹಾಕುವ ಮೊದಲು ಟ್ರ್ಯಾಕ್ಟರ್ ಮಾಡ್ತಿದ್ದ, ಕಾರು ಶುರು ಮಾಡಿದ್ದು 1963ರಲ್ಲಿ ಅಂತ ಹೇಳಿದ ದಿನ ಮಾತ್ರ ಸ್ವಲ್ಪ ಮೆತ್ತಗಾದರು. "ಹಂಗಾದ್ರೆ ಕೆಲಸ ಗೊತ್ತಿರೋನು" ಅಂದರು.

ನನ್ನ ಕಾರಿನ ಮೇಲೆ ಅಷ್ಟು ದಯೆ ಬರಲಿಲ್ಲ. ಅವರಿಗೆ ಫಿಯೆಟ್ ಅಂದರೆ ಮುಂಬೈನಿಂದ ಬರುತ್ತಿದ್ದ ಪದ್ಮಿನಿ, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಇದರ ಮೂತಿ ಮೇಲಿನ ಲಾಂಛನ ನೋಡಿ, "ಕಾರಿಗೆ ಚೇಳು ಅಂಟಿಸ್ಕೊಂಡು ಬಂದಿದೀಯಲ್ಲೋ!" ಅಂದರು. ಅಬಾರ್ತ್ ಕಂಪನಿ ಕಟ್ಟಿದ ಕಾರ್ಲ್ ಅಬಾರ್ತ್ 1908ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಹುಟ್ಟಿದ್ದು, ಅವರ ಲೆಕ್ಕದಲ್ಲಿ ವೃಶ್ಚಿಕ ರಾಶಿ, ಅದಕ್ಕೇ ಚೇಳು ಅಂತ ವಿವರಿಸಿದೆ. "ಅವನ ರಾಶಿ ಅವನಿಗಾಯ್ತು, ನಿಂದು ಕನ್ಯಾ ಅಲ್ವೇನೋ?"

ಈ ಕಾರು ನಮ್ಮ ದೇಶಕ್ಕೆ ಬಂದಿದ್ದು 2015ರಲ್ಲಿ. 145 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು, ಸೊನ್ನೆಯಿಂದ ನೂರಕ್ಕೆ 8.8 ಸೆಕೆಂಡು ಅಂತ ಕಂಪನಿಯ ಮಾತು. ಕೆಲವೇ ವರ್ಷಗಳಲ್ಲಿ ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಹಾಗಾಗಿ ಕಾರು ನೋಡಲು ಹೋಗುವ ಮುಂಚೆ ನಾನು ಒಂದು ತಿಂಗಳು ಬರೀ ಬಿಡಿಭಾಗದ ಬೆನ್ನು ಹತ್ತಿದೆ. ಇವತ್ತಿಗೂ ಅದೊಂದೇ ನಾನು ಮಾಡಿದ ಜಾಣ ಕೆಲಸ ಅನಿಸುತ್ತದೆ.

ಊರಿನ ಗ್ಯಾರೇಜುಗಳಲ್ಲಿ ಕೇಳಿದರೆ ಎಲ್ಲರೂ "ಫಿಯೆಟ್ ಇಂಜಿನ್ನಾ? ಗೊತ್ತು ಬಿಡಿ" ಅನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಸ್ವಿಫ್ಟ್‌ನಲ್ಲೂ ಬಂದ 1.3 ಡೀಸೆಲ್. ನನ್ನದು 1.4 ಟರ್ಬೊ ಪೆಟ್ರೋಲ್, ಅದಕ್ಕೂ ಇದಕ್ಕೂ ಬಾದರಾಯಣ ಸಂಬಂಧ. ನಿಜವಾದ ದಾಯಾದಿ ಫಿಯೆಟ್‌ನದೇ ಇನ್ನೊಂದು ಕಾರು, ಲೀನಿಯಾ ಟಿ-ಜೆಟ್. ಅದರಲ್ಲೂ ಇದೇ ಇಂಜಿನ್, ಶಕ್ತಿ ಮಾತ್ರ 114ಕ್ಕೆ ಇಳಿಸಿಟ್ಟಿದ್ದರು. ಲೀನಿಯಾ ಹೆಸರಲ್ಲಿ ಹುಡುಕಿದ ಮೇಲೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಬೆಲ್ಟು, ಪಂಪು, ಫಿಲ್ಟರು ಸಿಕ್ಕವು, ನನ್ನ ಕಾರಿಗೆ ಸರಿಯಾಗಿ ಕೂತವು. ಬಂಪರು, ಚೇಳಿನ ಅಲಾಯ್ ವೀಲು ಒಡೆದರೆ ಮಾತ್ರ ಹರಕೆ ಹೊರಬೇಕು.

ತಂದ ಬೆಲ್ಟನ್ನು ಹಾಕಿಸಲು ನಾನೇ ಆರು ತಿಂಗಳು ತಡಮಾಡಿದೆ. ಓಡಿದ್ದು 41,000 ಕಿಲೋಮೀಟರ್ ತಾನೇ ಅನ್ನುವ ಧೈರ್ಯ. ಕಾರಿಗೆ ಆಗಲೇ ಏಳು ವರ್ಷ. ರಬ್ಬರಿಗೆ ಮೀಟರ್ ಓದಲು ಬರುವುದಿಲ್ಲ, ನಿಂತಲ್ಲೇ ಮುದಿಯಾಗುತ್ತದೆ. ಈ ಇಂಜಿನ್ನಿನಲ್ಲಿ ಬೆಲ್ಟು ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ, ಅಲ್ಲಿಗೆ ಹೆಡ್ ಬಿಚ್ಚಬೇಕು. ಬೆಲ್ಟು ಹಾಕುವಾಗ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವು ಆಡಿಸುವ ದಂಡ, ಅಲುಗದಂತೆ ಹಿಡಿಯುವ ಲಾಕಿಂಗ್ ಟೂಲ್ ನಮ್ಮ ಮೆಕ್ಯಾನಿಕ್ ಭಾಯ್ ಹತ್ತಿರ ಇರಲಿಲ್ಲ. ಹೊಸಕೋಟೆಯ ಲೀನಿಯಾದವರೊಬ್ಬರಿಂದ ಎರವಲು ತಂದೆ. ಹಳೆ ಬೆಲ್ಟನ್ನು ಭಾಯ್ ಮಡಚಿ ತೋರಿಸಿದರು. ಹಲ್ಲುಹಲ್ಲಿನ ನಡುವೆ ಬಿರುಕು, ಬೇಸಿಗೆಯ ಕೆರೆ ಅಂಗಳದ ಹಾಗೆ. "ನಂದಿ ಬೆಟ್ಟಕ್ಕೆ ಇದರಲ್ಲೇ ಹೋಗ್ತಿದ್ರಾ ಸಾರ್?" ಅಂತ ಒಂದೇ ಮಾತು ಕೇಳಿದರು. ನಾನು ಟೀ ತರುವ ನೆಪದಲ್ಲಿ ಎದ್ದೆ. ವಾಟರ್ ಪಂಪನ್ನೂ ಅವತ್ತೇ ಬದಲಾಯಿಸಿದೆವು. ಅದೇ ಬೆಲ್ಟಿನಲ್ಲಿ ತಿರುಗುವುದು ತಾನೇ, ಮತ್ತೆ ಬಿಚ್ಚುವ ಕೂಲಿ ಯಾಕೆ.

ಇನ್ನೊಂದು ಸಲ ಗೌರಿಬಿದನೂರಿನ ದಾರಿಯಲ್ಲಿ ಕೂಲೆಂಟ್ ಹೋಸಿನ ಕ್ಲಿಪ್ಪು ಸಡಿಲವಾಗಿ ಬಿಸಿಯ ಮುಳ್ಳು ಮೇಲೇರಿತು. ಇಂಜಿನ್ ತಣ್ಣಗಾಗಲು ಮುಕ್ಕಾಲು ಗಂಟೆ ಹುಣಸೆ ಮರದ ಕೆಳಗೆ ಕೂತು, ಡಿಕ್ಕಿಯಲ್ಲಿದ್ದ ನನ್ನದೇ ಅಂಗಡಿಯ ಕ್ಲಿಪ್ಪು ಬಿಗಿದು, ನೀರು ತುಂಬಿಸಿ ಮನೆ ಸೇರಿದೆ. ಡ್ರಿಪ್ ಪೈಪಿನವನಿಗೆ ದೇವರು ಕೊಟ್ಟ ವರ.

ಹಂಪುಗಳ ವಿಷಯ ಜಾಸ್ತಿ ಹೇಳಲ್ಲ. ನೆಲದಿಂದ ತಳಕ್ಕೆ ಇರುವುದು 155 ಮಿಲಿಮೀಟರ್. ನಮ್ಮ ಹಳ್ಳಿಗಳಲ್ಲಿ ಊರವರೇ ಹಾಕಿಸಿದ ಹಂಪಿಗೆ ಅಳತೆ ಯಾರು ಹಿಡೀತಾರೆ? ಒಬ್ಬನೇ ಇದ್ದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುತ್ತೇನೆ. ಮನೆಯವರೆಲ್ಲ ಇದ್ದರೆ ಒಬ್ಬರಿಬ್ಬರು ಇಳಿಯಬೇಕು. ನಮ್ಮತ್ತೆಯವರು ಈಗ ಹೇಳಿಸಿಕೊಳ್ಳುವುದಿಲ್ಲ, ಹಂಪು ಕಂಡರೆ ಅವರೇ ಬಾಗಿಲಿಗೆ ಕೈ ಹಾಕುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಅಂಗಡಿ ತೆಗೆಯುವ ಮುಂಚಿನ ಒಂದು ಗಂಟೆಗಾಗಿ. ವಾರಾಂತ್ಯದ ಜಾತ್ರೆ ಮುಗಿದ ಮೇಲೆ, ಮಂಗಳವಾರ ಬೆಳಗ್ಗೆ ನಂದಿ ಬೆಟ್ಟದ ತಿರುವುಗಳು ಖಾಲಿ ಇರುತ್ತವೆ. ವೇಗ ಏನೂ ಬೇಕಾಗಿಲ್ಲ, ಎರಡನೇ ಗೇರು ಸಾಕು. ಇಂಜಿನ್ ಎರಡು ಸಾವಿರ ಸುತ್ತು ಮುಟ್ಟುವ ತನಕ ತೂಕಡಿಸುತ್ತದೆ, ಆಮೇಲೆ ಟರ್ಬೊ ಎದ್ದು ಬೆನ್ನಿಗೆ ಕೈಕೊಟ್ಟು ನೂಕುತ್ತದೆ. ಸ್ಟೀರಿಂಗ್ ಭಾರ. ಆದರೆ ಟೈರಿನ ಕೆಳಗೆ ಎಲೆ ಸಿಕ್ಕಿತೋ ಮರಳು ಸಿಕ್ಕಿತೋ ಅಂಗೈಗೆ ತಿಳಿಯುತ್ತದೆ. ಮೇಲೆ ಹೋಗಿ ನಿಲ್ಲಿಸಿದ ತಕ್ಷಣ ಕೀ ತಿರುಗಿಸಲ್ಲ, ಕಾದ ಟರ್ಬೊಗೆ ಎಣ್ಣೆ ಹರಿಯಲಿ ಅಂತ ಒಂದೆರಡು ನಿಮಿಷ ಹಾಗೇ ಬಿಡುತ್ತೇನೆ. ಅಷ್ಟರಲ್ಲಿ ಕೋತಿಗಳು ಬಾನೆಟ್ ಮೇಲೆ ಹಾಜರು.

ಹೋದ ತಿಂಗಳು ಚಿಂತಾಮಣಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಲೀನಿಯಾ ಟಿ-ಜೆಟ್ ಗ್ಯಾರೇಜಿನಲ್ಲಿ ಬಿಚ್ಚಿ ಕೂತಿದೆ, ಬೆಲ್ಟು ಎಲ್ಲೂ ಸಿಗ್ತಿಲ್ಲ ಅಣ್ಣಾ ಅಂದ. ಅಂಗಡಿಯಲ್ಲಿ ಗಿರಾಕಿ ತುಂಬಿದ್ದರು. ಮನೆಗೇ ಕಳಿಸಿ, ಬೀರುವಿನಲ್ಲಿರುವ ಬೆಲ್ಟು ಕೊಟ್ಟುಬಿಡು ಅಂತ ಹೆಂಡತಿಗೆ ಹೇಳಿದೆ.

"ಯಾವುದು, ಟೈಮಿಂಗ್‌ದಾ, ಆಲ್ಟರ್ನೇಟರ್‌ದಾ?" ಅಂದಳು.