ಬೆಣ್ಣಿಹಳ್ಳದ ನೀರು ನೋಡಲು ಹೋಗಿ ಹಳ್ಳವನ್ನೇ ಅಳೆದದ್ದು

ಹುಬ್ಬಳ್ಳಿಯಲ್ಲಿ ನನ್ನದು ನೀರು ಪರೀಕ್ಷೆ ಮಾಡುವ ಕೆಲಸ. ಜನ ಬಾಟಲಿಯಲ್ಲಿ ನೀರು ತಂದುಕೊಡುತ್ತಾರೆ, ರಿಪೋರ್ಟ್ ತಗೊಂಡು ಹೋಗುತ್ತಾರೆ. ಬೋರ್‌ವೆಲ್ ನೀರಿಗೆ ಇಷ್ಟು ಸಾಕು. ಹರಿಯುವ ಹಳ್ಳಕ್ಕೆ ಸಾಲದು. ಬಾಟಲಿ ಮುಳುಗಿಸಿದ್ದು ತಿರುವಿನಲ್ಲೋ ಮಡುವಿನಲ್ಲೋ, ಬೆಳಿಗ್ಗೆಯೋ ಮಧ್ಯಾಹ್ನವೋ ಅನ್ನೋದರ ಮೇಲೆ ರಿಪೋರ್ಟೇ ಬದಲಾಗುತ್ತದೆ. ಅದಕ್ಕೇ ನವಲಗುಂದ ಕಡೆಯ ಒಂದು ಊರಿನವರು "ಹೂಳು ತಗಿಸಿದ ಮ್ಯಾಲೆ ಹಳ್ಳದ ನೀರು ನಾರತೈತಿ, ದನಾ ಬಾಯಿ ಹಚ್ಚವಲ್ವು" ಅಂದಾಗ ನಾನು ಬಾಟಲಿ ಕೇಳಲಿಲ್ಲ. ಹಗ್ಗ, ಟೇಪು, ಗೌಂಡಿಗಳ ಲೆವೆಲ್ ಪೈಪು ಹಿಡಿದುಕೊಂಡು ನಾನೇ ಹೋದೆ.

ಬೆಣ್ಣಿಹಳ್ಳ ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟಿ, ಹುಬ್ಬಳ್ಳಿ-ನವಲಗುಂದದ ಬಯಲು ದಾಟಿ, ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರುತ್ತದೆ. ದಾರಿಯಲ್ಲಿ ತುಪ್ಪರಿಹಳ್ಳ ಬಂದು ಕೂಡುತ್ತದೆ. ಬಹುಪಾಲು ಎರೆಭೂಮಿ, ಇಳಿಜಾರು ಕಡಿಮೆ. ಎರೆಮಣ್ಣಿನ ಸ್ವಭಾವ ಇಲ್ಲಿಯವರಿಗೆ ಹೇಳಬೇಕಿಲ್ಲ. ಮೊದಲ ಮಳೆ ಬಿರುಕಿನೊಳಗೆ ಇಳಿದುಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಬಿದ್ದ ನೀರು ಇಂಗೋದು ತೀರಾ ಕಡಿಮೆ, ಎಲ್ಲಾ ಹಳ್ಳಕ್ಕೇ ಓಡುತ್ತದೆ. ಹಾಗಾಗಿ ರಾತ್ರಿ ಬೆಳಗಾಗುವುದರೊಳಗೆ ಹಳ್ಳ ತುಂಬಿ ಬರುತ್ತದೆ. 2019ರ ಆಗಸ್ಟ್‌ನ ಪ್ರವಾಹ ಎಲ್ಲರಿಗೂ ನೆನಪಿದೆ.

ದಂಡೆ ಕುಸಿಯೋದನ್ನು ಹತ್ತಿರದಿಂದ ನೋಡಬೇಕು ಅಂದರೆ ಪ್ರವಾಹ ಇಳಿದ ಮೇಲೆ ಹೋಗಿ. ತುಂಬಿ ಹರಿಯುವಾಗ ನೀರೇ ದಂಡೆಗೆ ಆಸರೆ. ನೀರು ಸರ್ರನೆ ಇಳಿದಾಗ ಆ ಆಸರೆ ತಪ್ಪುತ್ತದೆ, ಮಣ್ಣು ಮಾತ್ರ ನೀರು ಕುಡಿದು ಭಾರವಾಗಿರುತ್ತದೆ. ಬೇಸಿಗೆಯ ಬಿರುಕು ಎಲ್ಲಿತ್ತೋ ಅಲ್ಲೇ ಸೀಳಿ, ಗೋಡೆಯಷ್ಟು ಅಗಲದ ಹೆಂಟೆ ಜಾರುತ್ತದೆ. ತಿರುವಿನ ಹೊರದಂಡೆ ಹೀಗೆ ಕಡಿದಾಗುತ್ತಾ ಹೋಗುತ್ತದೆ, ಒಳದಂಡೆಯಲ್ಲಿ ಹೂಳು ನಿಲ್ಲುತ್ತದೆ. ಕುಸಿದ ಮಣ್ಣು ಬಕೆಟ್‌ನಲ್ಲಿ ದಿನಗಟ್ಟಲೆ ಇಟ್ಟರೂ ತಳ ಕೂರದಷ್ಟು ನುಣುಪು. ಹೊಲದ ಡಿಎಪಿ ಗೊಬ್ಬರದ ರಂಜಕವೂ ಈ ಮಣ್ಣಿನ ಕಣಕ್ಕೇ ಅಂಟಿಕೊಂಡು ಬರುತ್ತದೆ. ನೀರು ನಿಂತಲ್ಲಿ ಅದೇ ಪಾಚಿಗೆ ಮೇವು.

ನಾವು ಎರಡು ಜಾಗ ಆರಿಸಿಕೊಂಡೆವು. ಒಂದು, ಜೆಸಿಬಿ ಮುಟ್ಟದ ಹಳೆಯ ತಿರುವು. ಇನ್ನೊಂದು, ನೇರ ಮಾಡಿ ತಳ ಸಪಾಟಾಗಿಸಿದ ಭಾಗ. ದಂಡೆಯಿಂದ ದಂಡೆಗೆ ಹಗ್ಗ ಎಳೆದು, ಮೀಟರ್‌ಗೊಮ್ಮೆ ಕೋಲು ಇಳಿಸಿ ಆಳ ಬರೆದುಕೊಂಡೆವು. ಲೆವೆಲ್ ಪೈಪಿನಿಂದ ತಳದ ಏರಿಳಿತ ಸಿಕ್ಕಿತು. ವೇಗಕ್ಕೆ ನಿಂಬೆಹಣ್ಣು. ಹತ್ತು ಮೀಟರ್ ಗುರುತು ಮಾಡಿ, ಬಿಟ್ಟು, ಮೊಬೈಲ್‌ನಲ್ಲಿ ಸಮಯ ಹಿಡಿಯೋದು. ಮೇಲ್ಮೈ ನೀರು ಯಾವಾಗಲೂ ಸ್ವಲ್ಪ ಜೋರು, ಅದಕ್ಕೇ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಕುರಿ ಕಾಯುತ್ತಿದ್ದ ಅಜ್ಜ ದೂರದಿಂದಲೇ ಕೂಗಿದ: "ಸರ್ರ, ಯಾರಿಗರೆ ಮಾಟಾ ಮಾಡಾಕತ್ತೀರೇನು?" ಆಮೇಲೆ ಹಗ್ಗದ ಆ ತುದಿ ಹಿಡಿದವನೂ ಅವನೇ.

ಎರಡೂ ಕಡೆ ಹರಿಯುವ ನೀರು ಹೆಚ್ಚುಕಡಿಮೆ ಅಷ್ಟೇ. ತಿರುವಿನಲ್ಲಿ ಅದು ಸಣ್ಣ ಕೊರಕಲಿನಲ್ಲಿ ಒಟ್ಟಾಗಿ, ಗರಸಿನ ಮೇಲೆ ಸದ್ದು ಮಾಡುತ್ತಾ ಹರಿದು ಮಡುವಿಗೆ ಬೀಳುತ್ತಿತ್ತು. ಜೆಸಿಬಿ ಮಾಡಿದ ಕಡೆ ಅಷ್ಟೇ ನೀರು ಅಗಲಕ್ಕೆ ಹರಡಿ, ಪಾದ ಮುಳುಗುವಷ್ಟು ತೆಳ್ಳಗಾಗಿ, ಬಿಸಿಲಿಗೆ ಕಾದು, ಅಲ್ಲಲ್ಲಿ ನಿಂತೇಬಿಟ್ಟಿತ್ತು. ನಿಂಬೆಹಣ್ಣು ಮುಂದೆ ಹೋಗದೆ ಸುಮ್ನೆ ತಿರುಗುತ್ತಿತ್ತು. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಹಿಡಿಯುವುದು ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30ರಲ್ಲಿ ಏಳೂವರೆ. ಆಮ್ಲಜನಕ ತೀರಿದರೆ ನೀರು ಕೊಳೆತು ನಾರತೊಡಗುತ್ತದೆ. ಜೊತೆಗೆ ಪಾಚಿ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ತಿನ್ನುತ್ತದೆ. ಮಧ್ಯಾಹ್ನ ಅಳೆದರೆ ಎಲ್ಲಾ ಚೆನ್ನಾಗಿದೆ ಅನಿಸುತ್ತದೆ, ಅಲ್ವಾ? ಹೊತ್ತು ಮೂಡುವ ಮುಂಚೆ ಹೋಗಬೇಕು.

ಹಾಗೇ ಹೋದೆವು, ಆಮ್ಲಜನಕ ಪರೀಕ್ಷೆಯ ಕಿಟ್ ಹಿಡಿದುಕೊಂಡು. ಗುಳ್ಳೆ ಉಳಿಯದಂತೆ ಗಾಜಿನ ಬಾಟಲಿ ತುಂಬಿ, ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೋಡೈಡ್ ದ್ರಾವಣ ಹಾಕಿ, ಬಿರಡೆ ಮುಚ್ಚಿ ತಿರುವಿಹಾಕಿದರೆ ಮೋಡದಂಥ ಗಷ್ಟು ಕಟ್ಟುತ್ತದೆ. ಆಮ್ಲಜನಕ ಇದ್ದರೆ ಅದು ಕಂದು, ಇಲ್ಲದಿದ್ದರೆ ಬಿಳಿ. ತಿರುವಿನ ಬಾಟಲಿ ಗಾಢ ಕಂದಾಯಿತು. ಸಪಾಟು ಭಾಗದ ತಳದ ನೀರು ಬಿಳಿಯಾಗಿಯೇ ಉಳಿಯಿತು. ಊರವರಿಗೆ ನಾನು ಒಂದೂ ಅಂಕಿ ಹೇಳಲಿಲ್ಲ, ಎರಡು ಬಾಟಲಿ ಪಕ್ಕಪಕ್ಕ ಇಟ್ಟೆ, ಅಷ್ಟೇ.

ಹೂಳು ತೆಗೆಯಲೇಬಾರದು ಅಂತ ನಾನು ಹೇಳುವವನಲ್ಲ. ಹಳ್ಳದ ನಡುವೆ ಬಳ್ಳಾರಿ ಜಾಲಿ ಬೆಳೆದು ಹೂಳು ಕಟ್ಟಿಕೊಂಡರೆ ಪ್ರವಾಹದ ನೀರು ಹೊಲಕ್ಕೇ ನುಗ್ಗುತ್ತದೆ, ಅದನ್ನು ಕಡಿಯಬೇಕು. ಆದರೆ ದಂಡೆಯ ಮೇಲಿನ ಗಿಡದ ಬೇರು ಕೀಳಬೇಡಿ. ತಳವನ್ನು ಅಂಗಳದಂತೆ ಸಪಾಟು ಮಾಡಬೇಡಿ. ದೊಡ್ಡ ಹಳ್ಳದೊಳಗೆ ಬೇಸಿಗೆ ನೀರಿಗೆ ಅಂತ ಒಂದು ಸಣ್ಣ ಹಳ್ಳ ಬಿಡಿ. ಪಂಚಾಯ್ತಿಯವರ ಒಪ್ಪಿಗೆ ಪಡೆದು ಊರವರು ಒಂದು ತುಂಡಿನಲ್ಲಿ ಗುದ್ದಲಿ ಹಿಡಿದು ಅಂಕುಡೊಂಕು ಕಾಲುವೆ ತೋಡಿದರು, ಟ್ರ್ಯಾಕ್ಟರಿನಲ್ಲಿ ಗರಸು ತಂದು ಅಲ್ಲಲ್ಲಿ ಹಾಕಿದರು. ನೀರು ಕೂಡಿಕೊಂಡು ಹರಿಯತೊಡಗಿತು, ನಾತ ಹೋಯಿತು. ನೀರಿನ ಸವಳು, ಅಂದರೆ ಉಪ್ಪು, ಹಾಗೇ ಇದೆ. ಅದು ಮಣ್ಣಿನಿಂದ, ಹೊಲದ ಬಸಿನೀರಿನಿಂದ ಬರುವುದು, ಆಕಾರ ತಿದ್ದಿದರೆ ಹೋಗುವುದಿಲ್ಲ. ಮೇಲಿನಿಂದ ಗಟಾರದ ನೀರು ಬಿಟ್ಟರೂ ಅಷ್ಟೇ, ಯಾವ ತಿರುವೂ ಅದನ್ನು ಪೂರ್ತಿ ತೊಳೆಯುವುದಿಲ್ಲ.

ನೀವೂ ಮಾಡುವುದಾದರೆ ಒಂದು ಮಾತು: ಆ ಕಿಟ್‌ನ ಒಂದು ಶೀಶೆಯಲ್ಲಿರುವುದು ಗಂಧಕಾಮ್ಲ. ಕೈಗವಸು ಬೇಕೇಬೇಕು, ಮಕ್ಕಳ ಕೈಗೆ ನಿಂಬೆಹಣ್ಣು ಮಾತ್ರ ಕೊಡಿ.